ಕೆರೆಗೆ ಸರ್ಕಾರಿ ಅನುದಾನ: ಕಾಮಗಾರಿಗೆ ದುಡ್ಡುಂಟು, ಕಾವಲಿಗಿಲ್ಲ

ಬೇಸಿಗೆಯಲ್ಲಿ ಕೆರೆಯ ತಳ ಬಿರುಕುಬಿಟ್ಟಾಗ ಊರಿನ ಯುವಕ ಸಂಘವೋ ಮಹಿಳಾ ಸ್ವಸಹಾಯ ಸಂಘವೋ ಒಂದು ಮನವಿ ಪತ್ರ ಬರೆಯುತ್ತದೆ. ‘ಸದರಿ ಕೆರೆಯಲ್ಲಿ ಹೂಳು ತುಂಬಿದ್ದು, ಅಭಿವೃದ್ಧಿಗಾಗಿ ಸೂಕ್ತ ಅನುದಾನ ಮಂಜೂರು ಮಾಡಿಕೊಡಬೇಕಾಗಿ ವಿನಂತಿ’ ಎಂಬ ಒಕ್ಕಣೆಯ ಆ ಪತ್ರ ಶಾಸಕರ ಕಚೇರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳಿಗೆ, ಅಲ್ಲಿಂದ ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲು’ ಎಂಬ ಷರಾ ಹೊತ್ತು ಇನ್ನೊಂದು ಇಲಾಖೆಗೆ ಹೋಗುತ್ತದೆ. ಕೊನೆಗೆ ‘ಸದರಿ ಕೆರೆಯು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ, ಅಥವಾ ಅದೂ ಬರುವುದಿಲ್ಲ. ಲಂಚ ಕೊಡದ್ದರಿಂದ, ರಾಜಕೀಯ ಬಲವಿಲ್ಲದ್ದರಿಂದ ಹೀಗಾಯಿತೆಂದು ಊರಿನವರು ತೀರ್ಮಾನಿಸುತ್ತಾರೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಬಹಳ ಸಲ ಆ ಪತ್ರ ತಲುಪಿದ ಕಚೇರಿಗೆ ಕೆರೆಯ ಒಡೆತನವೂ ಇರುವುದಿಲ್ಲ, ಅದಕ್ಕೆ ಖರ್ಚು ಹಾಕಬಹುದಾದ ಲೆಕ್ಕ ಶೀರ್ಷಿಕೆಯೂ ಇರುವುದಿಲ್ಲ.

ಸಮುದಾಯದ ಪರಿಸರ ಕೆಲಸಗಳಿಗೆ ಸರ್ಕಾರದಲ್ಲಿ ಹಣವೇ ಇಲ್ಲ ಎಂಬ ಮಾತನ್ನು ಒಪ್ಪುವುದು ಕಷ್ಟ. ಉದ್ಯೋಗ ಖಾತರಿ, ಹಣಕಾಸು ಆಯೋಗದ ಅನುದಾನ, ಜಲಾನಯನ ಕಾರ್ಯಕ್ರಮ, ಗಣಿ ಜಿಲ್ಲೆಗಳ ಖನಿಜ ನಿಧಿ ಹೀಗೆ ಹಣ ಹಲವು ಕಾಲುವೆಗಳಲ್ಲಿ ಹರಿಯುತ್ತಿದೆ. ತೊಡಕಿರುವುದು ಹಣದ ಸ್ವರೂಪದಲ್ಲಿ. ಅದು ಬರುವುದು ‘ಕಾಮಗಾರಿ’ಯ ರೂಪದಲ್ಲಿ, ಆಸ್ತಿಯ ಒಡೆಯನಾದ ಸಂಸ್ಥೆಯ ಮೂಲಕ, ಆರ್ಥಿಕ ವರ್ಷದ ಗಡುವಿನೊಳಗೆ. ಅಗೆಯಲು, ಕಟ್ಟಲು, ನೆಡಲು ಅದು ಸಿಗುತ್ತದೆ. ಅಗೆದದ್ದನ್ನು ಕಾಯಲು, ಮುಂಗಾರಿಗೆ ಮೊದಲು ಕಾಲುವೆಯ ಕಸ ತೆಗೆಯಲು, ತೂಬು ಎತ್ತಿ ಇಳಿಸುವವನಿಗೆ ಸಂಬಳ ಕೊಡಲು ಸಿಗುವುದು ಅಪರೂಪ. ಅನುದಾನಕ್ಕೆ ಅರ್ಜಿ ಹಾಕುವ ಸಂಘಗಳು ಈ ಸ್ವರೂಪವನ್ನು ಅರಿತುಕೊಳ್ಳದೆ ಹೊರಟರೆ ಒಂದೋ ಹಣ ಸಿಗದು, ಸಿಕ್ಕರೂ ನಾಲ್ಕು ಮಳೆಗಾಲದಲ್ಲಿ ಕೆರೆ ಹಳೆಯ ಸ್ಥಿತಿಗೇ ಮರಳುತ್ತದೆ.

ಕೆರೆ ಯಾರದು?

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸರ್ಕಾರಿ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಲೆಕ್ಕ. ಇವುಗಳ ಉಸ್ತುವಾರಿ ಹಂಚಿಕೆಯಾಗಿರುವುದು ಕೆರೆಯ ವಿಸ್ತೀರ್ಣದ ಮೇಲಲ್ಲ, ಅಚ್ಚುಕಟ್ಟಿನ ಮೇಲೆ, ಅಂದರೆ ಕೆರೆಯ ನೀರು ಉಣ್ಣುವ ಜಮೀನಿನ ಮೇಲೆ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಅಡಿಯಲ್ಲಿವೆ. ಅದಕ್ಕಿಂತ ಹೆಚ್ಚಿನವು, 2,000 ಹೆಕ್ಟೇರ್‌ವರೆಗೆ, ಸಣ್ಣ ನೀರಾವರಿ ಇಲಾಖೆಯವು. ಕಾಡಿನೊಳಗಿನ ಕೆರೆ ಅರಣ್ಯ ಇಲಾಖೆಗೆ ಸೇರುತ್ತದೆ, ಪಟ್ಟಣದ ಕೆರೆಯನ್ನು ಹೆಚ್ಚಾಗಿ ನಗರ ಸ್ಥಳೀಯ ಸಂಸ್ಥೆ ನೋಡಿಕೊಳ್ಳುತ್ತದೆ. ಒಂದೇ ಕೆರೆಯ ವಿಷಯದಲ್ಲೂ ಜಮೀನಿನ ದಾಖಲೆ ಕಂದಾಯ ಇಲಾಖೆಯಲ್ಲಿದ್ದರೆ ಏರಿ ಮತ್ತು ತೂಬಿನ ಹೊಣೆ ಇನ್ನೊಬ್ಬರದು, ಮೀನಿನ ಹಕ್ಕು ಮತ್ತೊಬ್ಬರದು. ಇವೆಲ್ಲದರ ಮೇಲೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ.

ಆದ್ದರಿಂದ ಅರ್ಜಿಯ ಮೊದಲ ಹಾಳೆಯಲ್ಲಿ ಇರಬೇಕಾದದ್ದು ಕೆರೆಯ ಹಿರಿಮೆಯ ವರ್ಣನೆಯಲ್ಲ, ಸರ್ವೆ ನಂಬರ್. ಪಹಣಿಯಲ್ಲಿ ‘ಸರ್ಕಾರಿ ಕೆರೆ’ ಎಂದಿದೆಯೇ, ಕೆರೆ ಅಂಗಳದ ಒಂದಿಷ್ಟು ಭಾಗ ‘ಬಿ ಖರಾಬು’ (ಸಾಗುವಳಿಗೆ ಸೇರದ ಸಾರ್ವಜನಿಕ ಜಮೀನು) ಎಂದು ಬೇರೆಯವರ ಸರ್ವೆ ನಂಬರಿನೊಳಗೆ ಸೇರಿಕೊಂಡಿದೆಯೇ, ಗ್ರಾಮ ನಕಾಶೆಯಲ್ಲಿ ತೋರಿಸಿರುವ ರಾಜಕಾಲುವೆ ಈಗ ಯಾರ ಅಡಿಕೆ ತೋಟದೊಳಗೆ ಹಾದುಹೋಗುತ್ತಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಅದು ಸುಳಿವು ಮಾತ್ರ, ಪುರಾವೆಯಲ್ಲ. ಪುರಾವೆ ಬೇಕಾದರೆ ತಾಲ್ಲೂಕು ಸರ್ವೆಯರ್ ಅಳತೆ ಮಾಡಿ ಗಡಿ ಗುರುತಿಸಿದ ನಕ್ಷೆಯೇ ಆಗಬೇಕು. ಒತ್ತುವರಿ ಇದ್ದರೆ ಅದರ ತೆರವು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 104ನೇ ಕಲಂ ಅಡಿಯಲ್ಲಿ ಕಂದಾಯ ಅಧಿಕಾರಿಗಳ ಕೆಲಸವೇ ಹೊರತು ಕಾಮಗಾರಿಯ ಭಾಗವಲ್ಲ. ಗಡಿ ತೀರ್ಮಾನವಾಗದ ಕೆರೆಗೆ ಹಣ ಮಂಜೂರಾದರೆ ಜೆಸಿಬಿ ಅಂಗಳಕ್ಕಿಳಿದ ದಿನವೇ ತಡೆಯಾಜ್ಞೆ ಬರುವ ಸಾಧ್ಯತೆ ಇರುತ್ತದೆ. ಹಣ ಆ ಮಾರ್ಚ್‌ನಲ್ಲಿ ವಾಪಸು ಹೋದರೆ ಮುಂದಿನ ವರ್ಷ ಅದೇ ಎಂಜಿನಿಯರ್ ಆ ಊರಿನ ಹೆಸರೆತ್ತಲೂ ಹಿಂಜರಿಯುತ್ತಾರೆ.

ಒಡೆತನದ ಈ ಪ್ರಶ್ನೆಯಿಂದ ಇನ್ನೊಂದು ಕಹಿ ಸಂಗತಿಯೂ ಹೊರಡುತ್ತದೆ. ಸರ್ಕಾರಿ ಕೆರೆಯ ಕಾಮಗಾರಿಗೆ ಊರಿನ ಸಂಘ ನೇರ ಅರ್ಜಿದಾರನಾಗಲು ಸಾಮಾನ್ಯವಾಗಿ ಬರುವುದಿಲ್ಲ. ಅರ್ಜಿದಾರ ಗ್ರಾಮ ಪಂಚಾಯಿತಿ ಅಥವಾ ಇಲಾಖೆ. ಸಂಘದ ಪಾತ್ರ ಬೇಡಿಕೆಯನ್ನು ಯೋಜನೆಯೊಳಗೆ ಸೇರಿಸುವುದು, ಮಾಹಿತಿ ಒದಗಿಸುವುದು, ಕೆಲಸ ನಡೆಯುವಾಗ ಕಣ್ಣಿಡುವುದು. ಇದನ್ನು ಅವಮಾನವೆಂದು ಭಾವಿಸಿ ಪಂಚಾಯಿತಿಯನ್ನು ಬದಿಗಿಟ್ಟು ಬೆಂಗಳೂರಿಗೆ ಹೋಗುವ ಸಂಘಗಳು ಸುತ್ತಿ ಬಳಸಿ ಮತ್ತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿನ ಮುಂದೆಯೇ ಬಂದು ನಿಲ್ಲುತ್ತವೆ.

ಹಣದ ಕಾಲುವೆಗಳು

ಗ್ರಾಮೀಣ ಕೆರೆಗಳಿಗೆ ಇಷ್ಟು ವರ್ಷ ಮುಖ್ಯ ಆಸರೆಯಾಗಿದ್ದದ್ದು ನರೇಗಾ. ಕೂಲಿಕಾರರು ನಮೂನೆ 6ರಲ್ಲಿ ಕೆಲಸ ಕೇಳಿದರೆ ಕೊಡಲೇಬೇಕಾದ ಕಾನೂನು ಅದಾಗಿತ್ತು. ಹೀಗಾಗಿ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಕೆರೆ ಇದ್ದು, ಊರಿನಲ್ಲಿ ಜಾಬ್ ಕಾರ್ಡ್ ಇರುವವರು ಗುಂಪಾಗಿ ಕೆಲಸ ಕೇಳಿದರೆ ಕೂಲಿಯ ಹಣಕ್ಕೆ ಮಿತಿ ಇರಲಿಲ್ಲ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಈ ಚೌಕಟ್ಟು ಈಗ ಬದಲಾಗುತ್ತಿದೆ. ನರೇಗಾದ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ವಿಬಿ–ಜಿ ರಾಮ್ ಜಿ’ ಕಾಯ್ದೆ ಖಾತರಿಯ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ, ಕೆಲಸಗಳ ಪಟ್ಟಿಯಲ್ಲಿ ಜಲ ಭದ್ರತೆಗೆ ಮುಖ್ಯ ಸ್ಥಾನ ಕೊಟ್ಟಿದೆ. ಆದರೆ ವೆಚ್ಚದಲ್ಲಿ ಕರ್ನಾಟಕದಂಥ ರಾಜ್ಯಗಳ ಪಾಲನ್ನು ಶೇ 40ಕ್ಕೆ ನಿಗದಿ ಮಾಡಿ, ರಾಜ್ಯವಾರು ಹಂಚಿಕೆಗೆ ಮೊದಲೇ ಮಿತಿ ಹಾಕುವ ಪದ್ಧತಿ ತಂದಿದೆ. ಕೂಲಿಯನ್ನು ಬಹುಪಾಲು ಕೇಂದ್ರವೇ ಭರಿಸುತ್ತಿದ್ದ ಹಿಂದಿನ ವ್ಯವಸ್ಥೆಗೂ ಇದಕ್ಕೂ ದೊಡ್ಡ ಅಂತರವಿದೆ. ಹಣಕ್ಕೆ ಮೇಲ್ಮಿತಿ ಬಂದ ಮೇಲೆ ಕೆರೆಗಳ ನಡುವೆ ಪೈಪೋಟಿ ಏರ್ಪಡುವುದು ಸಹಜ, ಆ ಪೈಪೋಟಿಯಲ್ಲಿ ದಾಖಲೆ ಸಿದ್ಧವಿರುವ ಊರು ಮುಂದೆ ಹೋಗುತ್ತದೆ. ಕೃಷಿಯ ಬಿರುಸಿನ ದಿನಗಳಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಕೆಲಸ ನಿಲ್ಲಿಸಲು ಹೊಸ ಕಾಯ್ದೆ ಅವಕಾಶ ಕೊಡುವುದರಿಂದ, ಕೆರೆ ಒಣಗಿರುವ ದಿನಗಳೂ ಕೆಲಸಕ್ಕೆ ಅನುಮತಿ ಇರುವ ದಿನಗಳೂ ಹೊಂದಿಕೆಯಾಗುವಂತೆ ನೋಡಿಕೊಳ್ಳುವುದು ಇನ್ನಷ್ಟು ಅಗತ್ಯ.

ಎರಡನೆಯದು ಹಣಕಾಸು ಆಯೋಗದ ಅನುದಾನ. 15ನೇ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಗಳಿಗೇ ಬಳಸಬೇಕಾದದ್ದು. ನಿರ್ಬಂಧಿತ ಹಣದ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಪಂಚಾಯಿತಿಯವರು ಈ ಹಣವೆಂದರೆ ಬೋರ್‌ವೆಲ್, ಮೋಟಾರ್, ಪೈಪ್‌ಲೈನ್ ಎಂದೇ ಎಣಿಸುತ್ತಾರೆ. ಆದರೆ ಕುಡಿಯುವ ನೀರಿನ ಬೋರ್‌ವೆಲ್‌ಗೆ ಮರುಪೂರಣ ಮಾಡುವ ಕೆರೆಯ ಪೋಷಕ ಕಾಲುವೆಯನ್ನು ಮಳೆ ನೀರು ಸಂಗ್ರಹದ ಶೀರ್ಷಿಕೆಯಡಿ ತರಬಹುದೆಂದು ಗ್ರಾಮಸಭೆಯಲ್ಲಿ ವಾದಿಸಲು ಅವಕಾಶವಿದೆ, ವಾದಿಸಬೇಕು ಕೂಡ. 16ನೇ ಆಯೋಗದ ಅವಧಿ 2026ರ ಏಪ್ರಿಲ್‌ನಿಂದ ಆರಂಭವಾಗುವುದರಿಂದ ಹಳೆಯ ಶೀರ್ಷಿಕೆಗಳನ್ನು ಕಣ್ಮುಚ್ಚಿ ನಕಲು ಮಾಡದೆ ಹೊಸ ಮಾರ್ಗಸೂಚಿಯ ಪ್ರತಿಯನ್ನೇ ಕೇಳಿ ಪಡೆಯುವುದು ಒಳಿತು. ನಮ್ಮ ರಾಜ್ಯಕ್ಕೆ ಇಲ್ಲಿ ಇನ್ನೊಂದು ತೊಡಕೂ ಇದೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಚುನಾಯಿತ ಮಂಡಳಿ ಇಲ್ಲದ ಹಂತಗಳ ಪಾಲಿನ ಹಣ ಕೈಗೆ ಸಿಗದ ಸ್ಥಿತಿ ಉಂಟಾಯಿತು. ಹಲವು ಹಳ್ಳಿಗಳಿಗೆ ಹಂಚಿಕೆಯಾದ ಒಂದು ಕೆರೆ ಸರಪಳಿಯನ್ನು ಒಟ್ಟಾಗಿ ನೋಡಬಲ್ಲ ಹಂತವೇ ಜಿಲ್ಲಾ ಪಂಚಾಯಿತಿ. ಅದೇ ಆಡಳಿತಾಧಿಕಾರಿಯ ಕೈಯಲ್ಲಿದ್ದರೆ ಪ್ರತಿ ಊರೂ ತನ್ನ ಕೆರೆಗಷ್ಟೇ ಅರ್ಜಿ ಹಾಕುತ್ತದೆ, ಮೇಲಿನ ಕೆರೆಯ ಕೋಡಿಗೂ ಕೆಳಗಿನ ಕೆರೆಯ ಒಳಹರಿವಿಗೂ ನಡುವಿನ ಕಾಲುವೆ ಯಾರ ಯೋಜನೆಯಲ್ಲೂ ಸೇರದೆ ಉಳಿಯುತ್ತದೆ.

2022ರ ಏಪ್ರಿಲ್ 24ರಂದು ಘೋಷಣೆಯಾದ ಅಮೃತ ಸರೋವರ ಕಾರ್ಯಕ್ರಮದ ಬಗ್ಗೆ ಬಹಳ ಜನರಿಗೆ ತಪ್ಪು ಗ್ರಹಿಕೆ ಇದೆ. ಪ್ರತಿ ಜಿಲ್ಲೆಗೆ 75 ಜಲಮೂಲಗಳು ಎಂಬ ಗುರಿಯಿದ್ದ ಈ ಕಾರ್ಯಕ್ರಮಕ್ಕೆ ಪ್ರತ್ಯೇಕ ಹಣವೇ ಇರಲಿಲ್ಲ. ಇದ್ದ ಯೋಜನೆಗಳ ಹಣವನ್ನೇ ಒಗ್ಗೂಡಿಸಿ, ದಾನಿಗಳ ನೆರವು ಸೇರಿಸಿ ಮಾಡಬೇಕಿತ್ತು. ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು 10,000 ಘನ ಮೀಟರ್ ಸಾಮರ್ಥ್ಯ ಎಂಬುದು ಅದರ ಮಾನದಂಡ. ಒಂದು ಎಕರೆಗೆ 4,047 ಚದರ ಮೀಟರ್. ಅಷ್ಟರಲ್ಲಿ 10,000 ಘನ ಮೀಟರ್ ನೀರು ನಿಲ್ಲಬೇಕಾದರೆ ಸರಾಸರಿ ಎರಡೂವರೆ ಮೀಟರ್ ಆಳ ಬೇಕು. ಸಣ್ಣ ಗೋಕಟ್ಟೆಯನ್ನು ಈ ಲೆಕ್ಕಕ್ಕೆ ಹೊಂದಿಸಲು ಹೊರಟರೆ ಅಂಚು ಕಡಿದಾಗುತ್ತದೆ. ದನಕರು ಇಳಿಯುವ ಇಳಿಜಾರು, ಕೊಕ್ಕರೆಗಳು ಮೇಯುವ ಮೊಣಕಾಲಾಳದ ನೀರು ಎರಡೂ ಹೋಗಿ ಜಲಮೂಲ ಒಂದು ತೊಟ್ಟಿಯಂತಾಗುತ್ತದೆ. ಪರಿಸರ ಕೆಲಸವನ್ನು ಘನ ಮೀಟರ್‌ನಲ್ಲಿ ಅಳೆಯುವಾಗ ಹೀಗಾಗುವ ಅಪಾಯ ಯಾವಾಗಲೂ ಇರುತ್ತದೆ.

ಕೇಂದ್ರ ಪರಿಸರ ಸಚಿವಾಲಯದ ಜಲಪರಿಸರ ಸಂರಕ್ಷಣಾ ಯೋಜನೆಯ ಹಣಕ್ಕೆ ಪ್ರಸ್ತಾವ ಹೋಗಬೇಕಾದದ್ದು ರಾಜ್ಯ ಸರ್ಕಾರದ ಮೂಲಕ. ಅಲ್ಲಿಗೂ ಮೊದಲು ಒಂದು ವ್ಯಾಖ್ಯೆಯ ಗೋಡೆ ಇದೆ: 2017ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಮೂಲಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದ ಹೊರಗಿಡುತ್ತವೆ. ದಕ್ಷಿಣದ ಒಣ ಬಯಲಿನ ಕೆರೆಗಳೆಲ್ಲ ಬಹುತೇಕ ನೀರಾವರಿಗಾಗಿ ಕಟ್ಟಿದವೇ. ಹಾಗಿದ್ದೂ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ನೀರಾವರಿಗಾಗಿ ಜನರು ಕಟ್ಟಿದ ಕೆರೆಗಳು. ಪಟ್ಟೆತಲೆ ಹೆಬ್ಬಾತು ಬಂದಿಳಿಯುವ ಕೆರೆಗೆ ಅಂತರರಾಷ್ಟ್ರೀಯ ಮನ್ನಣೆ ಸಿಗಬಹುದು, ಅಷ್ಟು ಹೆಸರಿಲ್ಲದ ಪಕ್ಕದೂರಿನ ಕೆರೆ ದೇಶದ ನಿಯಮದಲ್ಲೇ ಹೊರಗುಳಿಯುತ್ತದೆ.

ಜೀವವೈವಿಧ್ಯ ನಿರ್ವಹಣಾ ಸಮಿತಿಗಳದು ಬೇರೆಯೇ ಕಥೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಾಗ ದೇಶದಾದ್ಯಂತ ಸಮಿತಿಗಳು ತರಾತುರಿಯಲ್ಲಿ ಹುಟ್ಟಿಕೊಂಡವು. ತಮ್ಮ ಪಂಚಾಯಿತಿಯಲ್ಲಿ ಅಂಥ ಸಮಿತಿ ಇದೆಯೆಂಬುದೇ ಅನೇಕ ಊರಿನವರಿಗೆ ತಿಳಿಯದು. ಈ ಸಮಿತಿಯಿಂದ ದೊಡ್ಡ ಹಣ ನಿರೀಕ್ಷಿಸುವಂತಿಲ್ಲ. ಆದರೆ ಗುಂಡುತೋಪು, ದೇವರಕಾಡು, ಕೆರೆ ಏರಿಯ ಹಳೆಯ ಮರಗಳ ದಾಖಲೆ ಅದರ ಪುಸ್ತಕದಲ್ಲಿ ಸೇರಿದ್ದರೆ ಮುಂದೆ ಬೇರೆ ಯಾವುದೇ ಅನುದಾನದ ಪ್ರಸ್ತಾವಕ್ಕೆ ಅದು ಅಧಿಕೃತ ಆಧಾರವಾಗುತ್ತದೆ. ದೇವನಹಳ್ಳಿ ಸಮೀಪದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯ ಅಡಿಯಲ್ಲಿ.

ಗಣಿ ಪ್ರದೇಶಗಳಲ್ಲಿ ಹಣದ ಕೊರತೆ ಇಲ್ಲವೇ ಇಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ಪ್ರತ್ಯೇಕ ನಿಗಮವಿದೆ, ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಆದರೆ ಎರಡರಲ್ಲೂ ಪ್ರಸ್ತಾವ ಇಲಾಖೆಗಳಿಂದ ಬರಬೇಕು. ಖನಿಜ ಪ್ರತಿಷ್ಠಾನದ ನಿಯಮಗಳಲ್ಲಿ ಗ್ರಾಮಸಭೆಗೆ ಸ್ಥಾನವಿದೆ ಎಂಬುದನ್ನು ಅಲ್ಲಿನ ಸಂಘಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ನೋಂದಾಯಿತ ಸಂಸ್ಥೆಗಳು ನೇರವಾಗಿ ಕೇಂದ್ರದ ಸಹಾಯಧನ ಪಡೆಯುವ ದಾರಿ ಮುಚ್ಚಿಲ್ಲ. ಪರಿಸರ ಶಿಕ್ಷಣ, ತರಬೇತಿ, ಸಸಿಮಡಿ, ಸಮೀಕ್ಷೆಯಂಥ ಕೆಲಸಗಳಿಗೆ ಅದು ಹೆಚ್ಚು ಹೊಂದುತ್ತದೆ. ಸಂಘ ನೋಂದಣಿ ಪ್ರಮಾಣಪತ್ರ, ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ವಿಶಿಷ್ಟ ಸಂಖ್ಯೆ, ಕೇಂದ್ರದ ಹಣ ಹರಿಯುವ ಪಿಎಫ್‌ಎಂಎಸ್ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆಯ ನೋಂದಣಿ ಇವೆಲ್ಲ ಅರ್ಜಿಗೆ ಮೊದಲೇ ಸಿದ್ಧವಿರಬೇಕು. ಈ ಅರ್ಜಿಗಳಲ್ಲಿ ಸಣ್ಣ ಸಂಘಗಳು ಎಡವುವ ಒಂದು ಜಾಗವಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಇದೇ ಉದ್ದೇಶಕ್ಕೆ ಬೇರೆ ಸಚಿವಾಲಯದಿಂದ ಅನುದಾನ ಪಡೆದಿಲ್ಲ, ಅರ್ಜಿಯನ್ನೂ ಹಾಕಿಲ್ಲ ಎಂದು ಅರ್ಜಿದಾರ ಸಂಸ್ಥೆ ದೃಢೀಕರಿಸಬೇಕು. ಒಂದು ಕಡೆ ಎಲ್ಲ ಯೋಜನೆಗಳ ಹಣ ಒಗ್ಗೂಡಿಸಿ ಎಂದು ಸುತ್ತೋಲೆ ಹೇಳುತ್ತದೆ, ಇನ್ನೊಂದು ಕಡೆ ಒಂದೇ ಕೆಲಸಕ್ಕೆ ಎರಡು ಕಡೆ ಕೇಳಬೇಡಿ ಎಂದು ನಿಯಮ ಹೇಳುತ್ತದೆ. ಇದಕ್ಕೆ ಪರಿಹಾರ ಕೆಲಸವನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬಿಡಿಸುವುದು: ಹೂಳೆತ್ತುವುದು ಉದ್ಯೋಗ ಖಾತರಿಯಲ್ಲಿ, ತೂಬಿನ ದುರಸ್ತಿ ಇಲಾಖೆಯ ಹಣದಲ್ಲಿ, ಸಸಿ ಸಾಮಾಜಿಕ ಅರಣ್ಯ ವಿಭಾಗದಿಂದ, ಶಾಲಾ ಮಕ್ಕಳ ನೀರು ಪರೀಕ್ಷೆ ಸಂಸ್ಥೆಯ ಸಹಾಯಧನದಲ್ಲಿ. ಹಾಗೆ ಬಿಡಿಸಿದಾಗ ಯಾವ ರಸೀದಿ ಯಾವ ಕಡತಕ್ಕೆ ಎಂಬ ಗೊಂದಲವೂ ಇರುವುದಿಲ್ಲ.

ಬೆಂಗಳೂರಿನ ಕೆರೆ ಗುಂಪುಗಳ ದಾರಿ ಹಳ್ಳಿಗಳದಕ್ಕಿಂತ ಭಿನ್ನ. ಪುಟ್ಟೇನಹಳ್ಳಿ ಕೆರೆಯ ನಿವಾಸಿಗಳ ಟ್ರಸ್ಟ್ 2011ರಲ್ಲಿ ಬಿಬಿಎಂಪಿ ಜೊತೆ ಒಡಂಬಡಿಕೆ ಮಾಡಿಕೊಂಡು ಕೆರೆಯ ದಿನನಿತ್ಯದ ನಿರ್ವಹಣೆ ವಹಿಸಿಕೊಂಡಿತು. ದೊಡ್ಡ ಸಿವಿಲ್ ಕೆಲಸ ಪಾಲಿಕೆಯದಾದರೆ, ನಿರ್ವಹಣೆ ನಡೆದದ್ದು ಬಹುಪಾಲು ದೇಣಿಗೆಯಿಂದ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ, ಹಳೆಯ ಒಡಂಬಡಿಕೆ ಇಟ್ಟುಕೊಂಡಿರುವ ಗುಂಪುಗಳು ತಮ್ಮ ಕೆರೆ ಈಗ ಯಾರ ವ್ಯಾಪ್ತಿ ಎಂಬುದನ್ನು ಬಾಯಿಮಾತಿನಲ್ಲಲ್ಲ, ಪತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು.

ಅಂದಾಜು ಪಟ್ಟಿಯೇ ನಿಜವಾದ ಅರ್ಜಿ

ಮನವಿ ಪತ್ರವನ್ನು ಎಷ್ಟು ಚೆನ್ನಾಗಿ ಬರೆದರೂ ಹಣ ಬಿಡುಗಡೆಯಾಗುವುದು ಕಿರಿಯ ಎಂಜಿನಿಯರ್ ತಯಾರಿಸುವ ಅಂದಾಜು ಪಟ್ಟಿಯ ಮೇಲೆ. ಇದು ಎಸ್‌ಆರ್ ದರದಂತೆ, ಅಂದರೆ ಇಲಾಖೆಯ ನಿಗದಿತ ದರಪಟ್ಟಿಯಂತೆ ಬಾಬ್ತುಗಳನ್ನು ಜೋಡಿಸಿ, ತಾಂತ್ರಿಕ ಮಂಜೂರಾತಿಗೂ ಆಡಳಿತಾತ್ಮಕ ಅನುಮೋದನೆಗೂ ಹೋಗುವ ಕಾಗದ. ಊರಿನವರು ಇದನ್ನು ನೋಡುವುದೇ ಇಲ್ಲ. ಎಂಜಿನಿಯರ್ ಸ್ಥಳಕ್ಕೆ ಬಂದ ದಿನ ಕಾಫಿ ಕೊಟ್ಟು ಕಳುಹಿಸಿ, ಉಳಿದದ್ದು ಅವರಿಗೆ ಗೊತ್ತು ಎಂದು ಸುಮ್ಮನಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಸಂಘಗಳು ಅತಿ ಹೆಚ್ಚು ಕಾಲ ಕೊಡಬೇಕಾದದ್ದು ಈ ಹಂತಕ್ಕೆ.

ಹೂಳೆತ್ತುವ ಒಂದು ಸಾಮಾನ್ಯ ಅಂದಾಜನ್ನೇ ತೆಗೆದುಕೊಳ್ಳೋಣ. 20 ಎಕರೆ ಅಂಗಳದ ಕೆರೆಯಲ್ಲಿ ಒಂದಡಿ ಹೂಳು ತೆಗೆಯುವುದೆಂದರೆ ಸುಮಾರು 24,700 ಘನ ಮೀಟರ್ ಮಣ್ಣು. ಟ್ರ್ಯಾಕ್ಟರ್ ಟ್ರೈಲರ್‌ಗೆ ಮೂರು ಘನ ಮೀಟರ್ ಎಂದರೂ 8,200ಕ್ಕೂ ಹೆಚ್ಚು ಲೋಡ್. ಇಷ್ಟು ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ‘ಲೀಡ್’ ಎಂಬ ಬಾಬ್ತಿನಲ್ಲಿದೆ, ಅಂದರೆ ಮಣ್ಣನ್ನು ಎಷ್ಟು ದೂರ ಸಾಗಿಸಲು ದರ ಹಾಕಲಾಗಿದೆ ಎಂಬುದರಲ್ಲಿ. ಲೀಡ್ ಸೇರಿಸದ ಅಂದಾಜಿನಲ್ಲಿ ಅಗೆದ ಮಣ್ಣು ಏರಿಯ ಒಳಮಗ್ಗುಲಿಗೋ ಅಂಗಳದ ಅಂಚಿಗೋ ಬೀಳುತ್ತದೆ, ಮೊದಲ ದೊಡ್ಡ ಮಳೆಗೆ ಮತ್ತೆ ಕೆರೆಗೆ ಇಳಿಯುತ್ತದೆ. ಗೋಡು ಮಣ್ಣನ್ನು ಹೊಲಕ್ಕೆ ಹೊಡೆಸಿಕೊಳ್ಳಲು ರೈತರು ತಯಾರಿದ್ದರೆ, ಯಾರ ಹೊಲಕ್ಕೆ ಎಷ್ಟು ಲೋಡ್ ಎಂಬ ಪಟ್ಟಿಯನ್ನು ಮೊದಲೇ ಸಹಿ ಹಾಕಿಸಿ ಎಂಜಿನಿಯರ್ ಕೈಗೆ ಕೊಟ್ಟರೆ ಅದೇ ಸಮುದಾಯದ ವಂತಿಗೆಯಾಗಿ ಲೆಕ್ಕಕ್ಕೆ ಬರುವಂತೆ ಕೇಳಬಹುದು, ಸಾಗಣೆಯ ಖರ್ಚೂ ಉಳಿಯುತ್ತದೆ.

ಎಷ್ಟು ಆಳಕ್ಕೆ ಅಗೆಯಬೇಕು ಎಂಬುದೂ ಎಂಜಿನಿಯರ್ ಒಬ್ಬರ ತೀರ್ಮಾನವಾಗಬಾರದು. ತೂಬಿನ ತಳಮಟ್ಟಕ್ಕಿಂತ ಕೆಳಗೆ ಅಗೆದರೆ ಅಲ್ಲಿ ನಿಲ್ಲುವ ನೀರು ಅಚ್ಚುಕಟ್ಟಿಗೆ ಹರಿಯುವುದಿಲ್ಲ. ದನಕರುಗಳಿಗೆ, ಮೀನಿಗೆ, ಅಂತರ್ಜಲಕ್ಕೆ ಅದರಿಂದ ಅನುಕೂಲವಿದೆ. ಕೆರೆಯ ಕೆಳಗೆ ಗದ್ದೆ ಇರುವವರಿಗೂ ಮೇಲೆ ಬೋರ್‌ವೆಲ್ ಇರುವವರಿಗೂ ಇಲ್ಲಿ ಹಿತಾಸಕ್ತಿ ಬೇರೆ ಬೇರೆ. ಈ ಜಗಳವನ್ನು ಗ್ರಾಮಸಭೆಯಲ್ಲೇ ಆಡಿ ಮುಗಿಸದಿದ್ದರೆ ಅದು ಕಾಮಗಾರಿಯ ಮಧ್ಯೆ ಬಂದು ಕೂರುತ್ತದೆ. ಹೂಳಿನ ಪದರ ದಾಟಿ ತಳದ ಜೇಡಿಯನ್ನೇ ಕೆದಕಿದರೆ ನೀರು ಸೋರಿ ಕೆರೆ ಬೇಗ ಬತ್ತುತ್ತದೆ, ಏರಿಯ ಬುಡದ ಹತ್ತಿರ ಅಗೆದರೆ ಏರಿಯೇ ಜರಿಯಬಹುದು. ಗುತ್ತಿಗೆದಾರನಿಗೆ ಬಿಲ್ ಆಗುವುದು ಘನ ಮೀಟರ್ ಲೆಕ್ಕದಲ್ಲಿ, ಸುಲಭವಾಗಿ ಸಿಗುವ ಮಣ್ಣು ಇರುವುದು ಏರಿಯ ಬಳಿಯಲ್ಲಿ. ಎಲ್ಲಿ ಅಗೆಯಬಾರದು ಎಂಬ ಗೆರೆ ನಕ್ಷೆಯಲ್ಲಿ ಇರಬೇಕೆಂದು ಬರಹದಲ್ಲಿ ಕೇಳುವುದಕ್ಕೆ ಇದೇ ಕಾರಣ ಸಾಕು.

ಕಾಲದ ಲೆಕ್ಕವೂ ಇಲ್ಲೇ ಬರುತ್ತದೆ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಯೋಜನೆಯ ಸಿದ್ಧತೆ ಅಕ್ಟೋಬರ್ 2ರ ಸುಮಾರಿಗೆ ಆರಂಭವಾಗುತ್ತದೆ. ಮೊದಲು ವಾರ್ಡ್ ಸಭೆ, ನಂತರ ಗ್ರಾಮಸಭೆ, ಆಮೇಲೆ ಕ್ರಿಯಾ ಯೋಜನೆ. ಕೆರೆ ಒಣಗಿದ ಏಪ್ರಿಲ್‌ನಲ್ಲಿ ಬರೆದ ಮನವಿ ಆ ಬೇಸಿಗೆಯ ಕೆಲಸಕ್ಕೆ ಆರು ತಿಂಗಳು ತಡವಾಗಿರುತ್ತದೆ. ಕೆರೆ ತುಂಬಿ ಕೋಡಿ ಬಿದ್ದಿರುವ ದಿನಗಳಲ್ಲಿ ಅದರ ಹೂಳಿನ ಮಾತೆತ್ತಲು ಯಾರಿಗೂ ಮನಸ್ಸಾಗದು. ಆದರೆ ಮಾತೆತ್ತಬೇಕಾದ ಹೊತ್ತು ಅದೇ. ವಾರ್ಡ್ ಸಭೆಯಲ್ಲಿ ಬೇಡಿಕೆ ಎತ್ತಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಕೆರೆಯ ಸರ್ವೆ ನಂಬರ್ ಸಹಿತ ಅದು ದಾಖಲಾಗಿದೆಯೇ ಎಂದು ಓದಿಸಿ ಕೇಳಿ, ನಕಲು ಪಡೆಯಬೇಕು. ‘ಕೆರೆ ಅಭಿವೃದ್ಧಿ’ ಎಂಬ ಎರಡು ಪದ ಬರೆದಿದ್ದರೆ ಅದರಡಿ ಏರಿಯ ಮೇಲೆ ಕಾಂಕ್ರೀಟ್ ರಸ್ತೆಯನ್ನೂ ಮಾಡಬಹುದು.

ಬಿಲ್ ಆದ ಮೇಲೆ

ಕೆಲಸ ಮುಗಿದ ಮೇಲಿನ ಕಾಗದಗಳು ಮುಂದಿನ ಅನುದಾನವನ್ನು ನಿರ್ಧರಿಸುತ್ತವೆ. ಇಲಾಖೆಯ ಕಾಮಗಾರಿಯಲ್ಲಿ ಅಳತೆ ಪುಸ್ತಕ, ಕೆಲಸಕ್ಕೆ ಮುಂಚೆ, ನಡುವೆ, ನಂತರದ ಜಿಯೋಟ್ಯಾಗ್ ಫೋಟೊಗಳು, ಸಾಮಾಜಿಕ ಪರಿಶೋಧನೆ ಇರುತ್ತವೆ. ಸಂಸ್ಥೆಗೆ ನೇರವಾಗಿ ಬಂದ ಕೇಂದ್ರ ಸಹಾಯಧನದಲ್ಲಿ ಹಣಬಳಕೆ ಪ್ರಮಾಣಪತ್ರವನ್ನು ನಮೂನೆ 12–ಎ ಪ್ರಕಾರ, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು. ಖಾತೆಯಲ್ಲಿ ಬಿದ್ದ ಬಡ್ಡಿಯೂ ಸಂಸ್ಥೆಯದಲ್ಲ, ಸರ್ಕಾರದ್ದು. ಮೊದಲ ಕಂತಿನ ಪ್ರಮಾಣಪತ್ರ ತಡವಾದರೆ ಎರಡನೆಯ ಕಂತು ನಿಲ್ಲುತ್ತದೆ. ಸಸಿ ನೆಟ್ಟ ಜೂನ್‌ನಲ್ಲಿ ಹಣ ಬಂದು, ನೀರೆರೆಯಬೇಕಾದ ಫೆಬ್ರುವರಿಯಲ್ಲಿ ಹಣವಿಲ್ಲದ ಪರಿಸ್ಥಿತಿ ಹೀಗೆಯೇ ಉಂಟಾಗುವುದು. ನರೇಗಾದ ನೆಡುತೋಪು ಕಾಮಗಾರಿಗಳಲ್ಲಿ ಗಿಡಗಳಿಗೆ ಕೆಲವು ವರ್ಷದ ನೀರು ಮತ್ತು ಕಾವಲಿನ ಕೂಲಿಯನ್ನು ಅಂದಾಜಿನಲ್ಲೇ ಸೇರಿಸಲು ಅವಕಾಶವಿತ್ತು. ಕಾವಲಿಗೂ ದುಡ್ಡು ಸಿಗುವ ವಿರಳ ಜಾಗಗಳಲ್ಲಿ ಅದೊಂದು, ಕೇಳಿದ ಊರುಗಳು ಕಡಿಮೆ. ಹೊಸ ಕಾಯ್ದೆಯಡಿ ಅಂಥದೇ ಬಾಬ್ತು ಇದೆಯೇ ಎಂದು ಅಂದಾಜು ತಯಾರಾಗುವ ಮೊದಲೇ ವಿಚಾರಿಸಬೇಕು.

ಕಾವಲು, ನಿರ್ವಹಣೆ ಯಾಕೆ ಅನುದಾನದ ಚೌಕಟ್ಟಿನಿಂದ ಹೊರಗುಳಿದವು ಎಂಬುದಕ್ಕೆ ನಮ್ಮದೇ ಇತಿಹಾಸದಲ್ಲಿ ಉತ್ತರವಿದೆ. ಹಳೆಯ ಮೈಸೂರಿನ ಊರುಗಳಲ್ಲಿ ನೀರಗಂಟಿ ಎಂಬ ಹುದ್ದೆ ಇತ್ತು. ತೂಬು ತೆರೆದು ಮುಚ್ಚುವುದು, ಗದ್ದೆ ಗದ್ದೆಗೆ ನೀರು ಹಂಚುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಮಾನ್ಯದ (ಕಂದಾಯ ವಿನಾಯಿತಿಯ) ಜಮೀನೂ ಸುಗ್ಗಿಯಲ್ಲಿ ಧಾನ್ಯದ ಪಾಲೂ ಅವನಿಗಿದ್ದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಈ ಹುದ್ದೆಗಳನ್ನು ಕೊನೆಗೊಳಿಸಿತು. ಜಾತಿಗೆ ಕಟ್ಟಿಹಾಕಿದ ಚಾಕರಿಯಿಂದ ಬಿಡುಗಡೆ ಆಗಲೇಬೇಕಿತ್ತು, ಆ ಕಾಯ್ದೆ ಸರಿಯಾದದ್ದೇ. ಆದರೆ ಕೆರೆಯ ದಿನನಿತ್ಯದ ಆರೈಕೆಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೆ ಸರ್ಕಾರ ಬೇರೆ ಉತ್ತರ ಕೊಟ್ಟಿಲ್ಲ. 2002ರಿಂದ 2012ರವರೆಗೆ ವಿಶ್ವಬ್ಯಾಂಕ್ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘ ನಡೆಸಿದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿ, ವಂತಿಗೆ ಪಡೆದು, ಹೊಣೆ ಒಪ್ಪಿಸಲು ನೋಡಿತು. ಆಲೋಚನೆ ಒಳ್ಳೆಯದಿತ್ತು. ಯೋಜನೆಯ ಹಣ ನಿಂತ ಮೇಲೆ ಹಲವು ಸಂಘಗಳು ಫಲಕದಲ್ಲಷ್ಟೇ ಉಳಿದವು, ಯಾಕೆಂದರೆ ಅವುಗಳ ಕೈಗೆ ಹೊಣೆ ಬಂತೇ ಹೊರತು ಸ್ಥಿರವಾದ ಆದಾಯ ಬರಲಿಲ್ಲ.

ಈಗಿನ ನಿಯಮಗಳೊಳಗೇ ಸಾಧ್ಯವಿರುವ ಒಂದು ದಾರಿ ಪಂಚಾಯಿತಿಯ ಸ್ವಂತ ಸಂಪನ್ಮೂಲ. ಪಂಚಾಯಿತಿ ಕೆರೆಗಳ ಮೀನು ಹಕ್ಕಿನ ಹರಾಜಿನ ಹಣ ಯಾವ ಮೇಲಿನ ಮಾರ್ಗಸೂಚಿಗೂ ಕಟ್ಟುಬಿದ್ದ ಅನುದಾನವಲ್ಲ. ಕೆರೆಗೆ ಅನುದಾನ ಕೇಳುವ ಅದೇ ಗ್ರಾಮಸಭೆಯಲ್ಲಿ, ಹರಾಜಿನ ಹಣದಲ್ಲಿ ಇಂತಿಷ್ಟು ಪಾಲು ಅದೇ ಕೆರೆಯ ಕಾಲುವೆ ಶುಚಿ, ತೂಬಿನ ದುರಸ್ತಿ ಮತ್ತು ನೀರು ನೋಡಿಕೊಳ್ಳುವವರ ಗೌರವಧನಕ್ಕೆ ಮೀಸಲು ಎಂಬ ಠರಾವನ್ನೂ ಮಂಡಿಸಿ, ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅಂಗೀಕಾರ ಪಡೆದು, ಹರಾಜಿನ ಷರತ್ತುಗಳಲ್ಲೇ ಸೇರಿಸಬಹುದು. ಮೀನು ಹಿಡಿದವರು ತಮ್ಮ ಮೀನಿಗಾಗಿ ತೂಬು ಮುಚ್ಚಿಸಿಡುವ ಹಳೆಯ ತಂಟೆಗೂ ಅದೇ ಷರತ್ತಿನಲ್ಲಿ ಒಂದು ಸಾಲು ಬರೆಯಬೇಕಾಗುತ್ತದೆ: ಕನಿಷ್ಠ ಎಷ್ಟು ಮಟ್ಟದ ನೀರು ಕೆರೆಯಲ್ಲೇ ಉಳಿಯಬೇಕು, ಅದಕ್ಕೆ ಮೇಲಿನದನ್ನು ಗದ್ದೆಗೆ ಬಿಡಲು ಯಾರ ಅಪ್ಪಣೆ ಸಾಕು ಎಂದು. ಇಂಥ ಠರಾವಿನ ಪ್ರತಿ ಲಗತ್ತಿಸಿದ ಪ್ರಸ್ತಾವಕ್ಕೆ ಕಚೇರಿಯಲ್ಲಿ ತೂಕ ಹೆಚ್ಚು, ಏಕೆಂದರೆ ‘ಮುಂದಿನ ನಿರ್ವಹಣೆ’ ಎಂಬ ಅಂಕಣದಲ್ಲಿ ಎಲ್ಲರೂ ಬರೆಯುವ ‘ಸಮುದಾಯದಿಂದ’ ಎಂಬ ಒಂದು ಪದದ ಜಾಗದಲ್ಲಿ ಅಲ್ಲಿ ಮೊತ್ತವೂ ಖಾತೆಯ ಹೆಸರೂ ಇರುತ್ತವೆ.